ಬಳೆ ಬಿಚ್ಚಿಟ್ಟ ಕೈ

ವನಜಾಕ್ಷಿ ಆಂಟಿ ಬಳೆ ಬಿಚ್ಚಿ ಮೊಸರಿನ ಖಾಲಿ ಡಬ್ಬಿಗೆ ಹಾಕಿದರೆಂದರೆ ವಿಮಾನದ ಕೆಲಸ ಶುರುವಾಯಿತೆಂದೇ ಅರ್ಥ. ನಾರ್ತ್‌ವಿಲ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಗ್ಯಾರೇಜಿನಲ್ಲಿ ಅವರ ಯಜಮಾನರು ಶ್ರೀಕಂಠ ಅಂಕಲ್ ಒಂಟಿ ಸೀಟಿನ ರೇಸ್ ವಿಮಾನ ಕಟ್ಟುತ್ತಿದ್ದರು. ಹಾಗಾಗಿ ಎರಡು ಕಾರೂ ಚಳಿಗಾಲವಿಡೀ ಹೊರಗೆ ಹಿಮ ಹೊದ್ದು ನಿಂತಿರುತ್ತಿದ್ದವು.

ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆ ಹೊಡೆಯುವುದು ಒಬ್ಬರಿಂದಾಗುವ ಕೆಲಸವಲ್ಲ. ಹೊರಗಿನಿಂದ ಒಬ್ಬರು ಗನ್ ಒತ್ತಿದರೆ, ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ತುಂಡನ್ನು ಅದಕ್ಕೆದುರಾಗಿ ಒತ್ತಿಹಿಡಿಯಬೇಕು. ರೆಕ್ಕೆಯ ಸಂದಿಗೆ ಅಂಕಲ್ ಕೈ ಹೋಗುತ್ತಿರಲಿಲ್ಲ. ಆಂಟಿಯ ಕೈ ಮೊಣಕೈವರೆಗೂ ಹೋಗುತ್ತಿತ್ತು. "ನಿಮ್ಮಂಕಲ್‌ದು ಬರೀ ಸದ್ದು ಕಣೇ, ಏಟು ತಿನ್ನೋದು ನಾನು. ಚಕ್ಲಿ ಒತ್ತಿ ಒತ್ತಿ ಗಟ್ಟಿಯಾಗಿರೋ ಕೈ ಇದು," ಎಂದು ನಗುತ್ತಿದ್ದರು. ಅವರಿಗಿದ್ದದ್ದು ಒಂದೇ ಆಸೆ. "ಒಂದ್ಸಲ ರೇಸಲ್ಲಿ ಹಾರ್ಲಿ. ಕೊನೇಗ್ ಬಂದ್ರೂ ಪಾಯಸ ಮಾಡ್ತೀನಿ."

ಮನೆಯಲ್ಲೇ ಕಟ್ಟಿದ ವಿಮಾನಗಳ ವರ್ಗಕ್ಕೆ ರೇಸ್ ನಡೆಸುವ ಕ್ಲಬ್ಬಿನದೊಂದು ನಿಯಮವಿತ್ತು: ಬಹುಪಾಲು ಕೆಲಸ ಮನೆಯವರ ಕೈಯದೇ ಆಗಿರಬೇಕು, ಅದಕ್ಕೆ ಫೋಟೋ ಇರಬೇಕು. ಫೋಟೋ ತೆಗೆಯುವುದು ನನ್ನ ಪಾಲಿನ ಕೆಲಸ. ಆಂಟಿ ಮಾತ್ರ ಕೈ ತೊಳೆದು, ಬಳೆ ತೊಟ್ಟು, ರೆಕ್ಕೆಯ ಪಕ್ಕದಲ್ಲಿ ಬೀಗಿತ್ತಿಯ ಹಾಗೆ ನಿಂತ ಮೇಲೆಯೇ ಫೋಟೋ. "ಬೋಳು ಕೈಲಿ ಫೋಟೋನಾ? ಬಿಡ್ತು ಅನ್ನು. ಕೆಲಸಕ್ಕೆ ಬಿಚ್ಚಿದ್ರೆ ದೇವ್ರು ಕ್ಷಮಿಸ್ತಾನೆ. ಫೋಟೋ ಉಳ್ಕೊಂಡ್ಬಿಡತ್ತೆ." ಒಂದು ದಿನ ಅವರು ಕೆಲಸದಲ್ಲಿದ್ದಾಗಲೇ ಕದ್ದು ತೆಗೆದು ಸಿಕ್ಕಿಬಿದ್ದೆ. "ಡಿಲೀಟ್ ಮಾಡೇ ಮೊದ್ಲು!" ಎಂದರು. "ಮಾಡ್ದೆ ಆಂಟಿ," ಎಂದೆ. ಸುಳ್ಳು.

ವಿಮಾನಕ್ಕೆ ಬಣ್ಣ ಬಳಿಯುವುದೊಂದೇ ಬಾಕಿಯಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ಆಂಟಿಯ ಹೃದಯ ನಿಂತುಹೋಯಿತು.

ಬೇಸಿಗೆಯಲ್ಲಿ ರೇಸ್. ಷಿಕಾಗೋ ಆಚೆಯ ಸಣ್ಣ ಏರ್‌ಫೀಲ್ಡಿಗೆ ಅಂಕಲ್ ವಿಮಾನ ಹಾರಿಸಿಕೊಂಡು ಹೋದರು. ನಾನು ಐದು ಗಂಟೆ ಡ್ರೈವ್ ಮಾಡಿದೆ, ಪಕ್ಕದ ಸೀಟಿನಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ಕೂರುವವರಿಲ್ಲದೆ.

ತಪಾಸಣೆಯ ಮುದುಕ ಇಂಜಿನ್, ತೂಕ, ರೆಕ್ಕೆಯ ಅಳತೆ ಎಲ್ಲವನ್ನೂ ಒಪ್ಪಿದ. ಆಮೇಲೆ ರೆಕ್ಕೆಯ ಸಂದಿಯನ್ನೂ ಅಂಕಲ್ ಅಂಗೈಯನ್ನೂ ಮತ್ತೆ ಮತ್ತೆ ನೋಡಿದ. ಈ ಕೈ ಒಳಗೆ ಹೋಗುವುದಿಲ್ಲ, ಕೂಲಿ ಕೊಟ್ಟು ಮಾಡಿಸಿದ್ದರೆ ಈ ವರ್ಗದಲ್ಲಿ ಜಾಗವಿಲ್ಲ ಎಂದ. "ಮೈ ವೈಫ್," ಎಂದರು ಅಂಕಲ್. ಬಳೆ ತೊಟ್ಟು ನಿಂತ ಫೋಟೋಗಳನ್ನು ತಿರುವಿ ಹಾಕಿ ಆತ, ಇದರಲ್ಲಿ ಕೆಲಸವೇ ಕಾಣುವುದಿಲ್ಲವಲ್ಲ, ಆಕೆಯನ್ನೇ ಕೇಳಬಹುದೇ ಎಂದ.

ನಾನು ಫೋನ್ ತೆಗೆದು ತೋರಿಸಿದೆ. ಮೊಣಕೈವರೆಗೆ ರೆಕ್ಕೆಯೊಳಗಿದ್ದ ಒಂದು ಕೈ, ಹೊರಗೆ ಊರಿದ್ದ ಇನ್ನೊಂದು ಬೋಳು ಕೈ, ಏಟಿಗೆ ಕಾದು ಮುಚ್ಚಿದ್ದ ಕಣ್ಣು, ಡಬ್ಬಿಯಲ್ಲಿ ಹಸಿರು ಬಳೆ. ಆತ ಬಹಳ ಹೊತ್ತು ನೋಡಿ ಸಹಿ ಹಾಕಿದ.

ವಿಮಾನ ಹಾರಿತು. ಕೊನೆಗೇ ಬಂತು. ಪಾಯಸ ಮಾಡುವವರು ಇರಲಿಲ್ಲ.

ಇಳಿದು ಬಂದ ಅಂಕಲ್ ನನ್ನ ಫೋನ್ ಕೇಳಿದರು. ಆ ಫೋಟೋವನ್ನು ಮೊದಲ ಸಲ ಅವರು ಸರಿಯಾಗಿ ನೋಡಿದರು, ದೊಡ್ಡದು ಮಾಡಿ, ಆ ಕೈಯನ್ನು ಮಾತ್ರ.

"ಡಿಲೀಟ್ ಮಾಡಿದೀನಿ ಅಂದಿದ್ಯಂತಲ್ಲಮ್ಮ ಅವಳಿಗೆ."

"ಅಂಕಲ್, ಕೆಲಸ ಮಾಡ್ತಿರೋದು ಇದೊಂದೇ ಇರೋದು."

"ಗೊತ್ತು. ಅವಳಿಗೆ ಇಷ್ಟ ಇರ್ಲಿಲ್ಲ."

ಫೋನನ್ನು ನನ್ನತ್ತ ಚಾಚಿದರು. ನನ್ನ ಬೆರಳು ಏಳಲಿಲ್ಲ. ಅವರೇ ಡಿಲೀಟ್ ಒತ್ತಿದರು.