ಅಜ್ಜಿ ಮೊದಲು ನೋಡಬೇಕು

ನನ್ನ ತಾಯಿಯ ತವರಿನಲ್ಲಿ ಯುಗಾದಿಯ ಮರುದಿನ ಸಂಜೆ ಬಿದಿಗೆ ಚಂದ್ರನನ್ನು ನೋಡಿದ ಮೇಲೆಯೇ ಹೊಸ ವರ್ಷ. ಹಿಂದಿನ ದಿನದ ಎಣ್ಣೆನೀರು, ಬೇವುಬೆಲ್ಲ, ಹೋಳಿಗೆ ಯಾವುದೂ ಲೆಕ್ಕಕ್ಕಿಲ್ಲ. ತಾಳ್ಯದ ಕಡೆಯ ಆ ಹಳ್ಳಿಯಲ್ಲಿ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಹೊತ್ತು ಮುಳುಗುತ್ತಿದ್ದಂತೆ ಊರಿಗೆ ಊರೇ ಮಾಳಿಗೆ ಹತ್ತಿ ಪಡುವಣಕ್ಕೆ ಮುಖ ಮಾಡುತ್ತಿತ್ತು. ನಮ್ಮ ಮನೆಯಲ್ಲಿ ಇನ್ನೂ ಒಂದು ಕಟ್ಟಳೆಯಿತ್ತು: ಮನೆಯ ಹಿರಿಯರು ಮೊದಲು ನೋಡಬೇಕು. ಅವರು ‘ಕಾಣ್ತು’ ಎಂದ ಮೇಲೆ ಉಳಿದವರು ಕೈಮುಗಿದು, ಅವರ ಕಾಲಿಗೆ ಬಿದ್ದು, ಆಮೇಲೆ ಊಟಕ್ಕೆ ಇಳಿಯಬೇಕು. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಹಿರಿಯರೆಂದರೆ ಅಜ್ಜಿಯೇ.

ಅಜ್ಜಿಗಿಂತ ಮೊದಲು ಕದ್ದು ನೋಡದವರು ಯಾರೂ ಇರಲಿಲ್ಲ. ನೋಡಿಯೂ ನೋಡದವರಂತೆ ನಿಲ್ಲುವುದೇ ನಿಜವಾದ ಕಟ್ಟಳೆಯಾಗಿತ್ತು. ಈಗ ನಾನು ಯುಗಾದಿಯ ಮರುದಿನ ಸಂಜೆ ತಲೆಯೆತ್ತಿದ ಕೂಡಲೇ ಚಂದ್ರನನ್ನು ನೋಡಿಬಿಡುತ್ತೇನೆ, ತಡೆಯುವವರಿಲ್ಲ. ಇಷ್ಟು ವರ್ಷವಾದರೂ ಆ ತಡೆ ಇಲ್ಲದ್ದು ರೂಢಿಯಾಗಿಲ್ಲ. ಕಂಡದ್ದನ್ನು ಕಣ್ಣಲ್ಲೇ ಹಿಡಿದುಕೊಂಡು, ಪಕ್ಕದಲ್ಲಿ ಕೂತವಳ ಒಂದು ಮಾತಿಗೆ ಕಾಯುವುದು ಬೇಕೆನಿಸುತ್ತದೆ.

ಎಪ್ಪತ್ತರ ದಶಕದ ನಡುವಿನ ಒಂದು ಯುಗಾದಿ. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಊರು ಮುಟ್ಟಿದಾಗ ಅಜ್ಜಿ ನನ್ನನ್ನು ದನಿಯಿಂದ ಗುರುತು ಹಿಡಿದಳು, ಮುಖದಿಂದಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಚಿತ್ರದುರ್ಗದ ಆಸ್ಪತ್ರೆಗೆ ಹೋಗೋಣವೆಂದು ಮಾವ ಎಷ್ಟು ಹೇಳಿದರೂ ಕೇಳಿರಲಿಲ್ಲ. “ಕಣ್ಣಿಗೆ ಕತ್ತಿ ಹಾಕಿಸ್ಕಳಾಕೆ ನಾನೇನು ಕುರಿಯೇನೋ?” ಎಂದಿದ್ದಳಂತೆ. ಸಂಜೆ ಚಂದ್ರನನ್ನು ಅವಳು ಹೇಗೆ ನೋಡುತ್ತಾಳೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅವಳಂತೂ ಮಧ್ಯಾಹ್ನವೇ ತಲೆ ಬಾಚಿಸಿಕೊಂಡು ಹೊಸ ಸೀರೆ ಉಟ್ಟು ತಯಾರಾಗಿದ್ದಳು.

ಮಾವ ಅವಳ ಕೈ ಹಿಡಿದು ಏಣಿ ಹತ್ತಿಸಿ, ಕಂಬಳಿಯ ಮೇಲೆ ಕೂರಿಸಿದ. ನಾವು ಸುತ್ತ ನಿಂತೆವು. ಆಕಾಶದ ಕೆಂಪು ಆರಿತು. ಚಂದ್ರ ತೆಳ್ಳಗೆ, ಉಗುರಿನ ತುದಿಯಷ್ಟೇ ಇದ್ದ ಎಂದು ಬರೆಯಹೊರಟು ಅನುಮಾನ ಬರುತ್ತಿದೆ. ಆಮೇಲೆ ನೋಡಿದ ಎಷ್ಟೋ ಚಂದ್ರರು ಅದರೊಳಗೆ ಸೇರಿಕೊಂಡಿರಬಹುದು. ಬಲಗಡೆಯ ಕೋಡು ಮೇಲಿತ್ತು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ನಡೆದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಅಜ್ಜಿ ನೋಡುತ್ತಲೇ ಇದ್ದಳು. ಆಚೆಮನೆಯ ಮಾಳಿಗೆಯಿಂದ ಒಬ್ಬ ಮುದುಕ ಕೂಗಿದ, “ಏನಜ್ಜಿ, ಇನ್ನೂ ಕಾಣ್ಲಿಲ್ವೇನು? ನಮ್ಮನೇಲಿ ಆಗ್ಲೇ ಉಂಡು ಕೈ ತೊಳ್ಕಂಡ್ವಿ!”

“ನಿಮ್ಮನೆಯೋರು ಚಂದ್ರ ಬರೋಕೆ ಮುಂಚೇನೇ ಉಣ್ತೀರಿ ಬಿಡಪ್ಪ,” ಎಂದಳು ಅಜ್ಜಿ, ತಿರುಗದೆಯೇ.

ಎಲ್ಲರೂ ನಕ್ಕರು. ಕೆಳಗಿನಿಂದ ಬಾಡಿನ ಸಾರಿನ ಘಮ ಬರುತ್ತಿತ್ತು. ಮಾವನ ಚಿಕ್ಕ ಮಗಳು ಅವ್ವನ ಸೆರಗು ಜಗ್ಗಿ, ಹಸಿವು ಎಂದು ರಾಗ ತೆಗೆದಳು. ಚಂದ್ರ ದೂರದ ಗುಡ್ಡದತ್ತ ಇಳಿಯುತ್ತಿದ್ದ. ಆಗ ಅಜ್ಜಿ ಕೈಮುಗಿದು, “ಕಾಣ್ತು,” ಎಂದಳು.

ಪ್ರತಿವರ್ಷದ ರೂಢಿಯಂತೆ ಮಾವ ಕೇಳಿಬಿಟ್ಟ. “ಯಾವ ಕೋಡು ಮೇಲೈತೆ ಅವ್ವ?” ಚಂದ್ರನ ಕೋಡು ನೋಡಿ ಮಳೆಬೆಳೆ ಹೇಳುವವಳು ಅವಳೇ. ಯಾವ ಕೋಡಿಗೆ ಯಾವ ಫಲವೋ ನನಗೆ ಮರೆತಿದೆ.

“ಎರಡೂ ಸಮ ಅವೆ.”

“ಸಮ ಎಲ್ಲೈತೆ ಅವ್ವ, ಬಲಗಡೆದು...” ಎಂದು ಮಾವ ಶುರುಮಾಡುವಷ್ಟರಲ್ಲಿ ನನ್ನ ತಾಯಿ ಅವನ ರಟ್ಟೆ ಹಿಡಿದು ಅದುಮಿದಳು.

“ಸಮ ಐತೆ ಕಣೋ. ಅವ್ವ ಹೇಳ್ತಲ್ಲ. ಕಾಲಿಗೆ ಬೀಳು ನೀನು.”

ಆಗ ನಾನು ಅಜ್ಜಿಯ ಮುಖ ಗಮನಿಸಿದೆ. ಅದು ಚಂದ್ರನಿದ್ದ ಕಡೆಗಿರಲಿಲ್ಲ. ಅವಳು ತೀರ ಎಡಕ್ಕೆ, ಹುಲ್ಲಿನ ಬಣವೆಯ ಕಡೆಗೆ ಕೈಮುಗಿದಿದ್ದಳು. ಮಾವ ಬಗ್ಗಿದ, ಅತ್ತೆ ಬಗ್ಗಿದಳು, ನನ್ನ ತಾಯಿ ಬಗ್ಗಿದಳು. ನನ್ನ ಸರದಿ ಬಂದಾಗ ಅವಳ ಕೈ ನನ್ನ ತಲೆಯ ಮೇಲೆ ಬೇರೆ ವರ್ಷಗಳಿಗಿಂತ ಹೆಚ್ಚು ಹೊತ್ತು ಇತ್ತು. ಹೀಗೆಂದು ನನಗನಿಸುತ್ತದೆ ಅಷ್ಟೆ. ಬೇಕೆಂದು ಆಮೇಲೆ ಸೇರಿಸಿಕೊಂಡದ್ದೋ ಏನೋ.

ಎಲ್ಲರೂ ಊಟಕ್ಕೆ ಇಳಿದರು. ಅಜ್ಜಿಯನ್ನು ಕರೆತರಲು ನಾನು ಉಳಿದೆ. ಕೆಳಗೆ ತಟ್ಟೆಗಳ ಸದ್ದು ಕೇಳಿದ ಮೇಲೆ ಅವಳು ದನಿ ತಗ್ಗಿಸಿ ಕೇಳಿದಳು:

“ಲೇ ಕೂಸೇ, ಎಲ್ಲೈತೆ ಅದು?”

ನಾನು ಅವಳ ಹಿಂದೆ ಕೂತು ಎರಡು ಕೈಯಲ್ಲೂ ಅವಳ ಕೆನ್ನೆ ಹಿಡಿದು ಮುಖವನ್ನು ಬಲಕ್ಕೆ ತಿರುಗಿಸಿದೆ.

“ಮೆಲ್ಲಗೆ ಕಣೇ. ಕುರಿಮರಿ ಕತ್ತು ಹಿಡ್ದಂಗೆ ಹಿಡ್ಕಂಡಿದೀಯ.”

“ಈಗ ನೇರ ಐತೆ ಅಜ್ಜಿ. ಗುಡ್ಡದಿಂದ ಒಂದು ಗೇಣು ಮೇಲೆ.”

ಅವಳು ಕಣ್ಣು ಕಿರಿದು ಮಾಡಿದಳು, ಅಗಲಿಸಿದಳು, ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಕೆಳಗಿನಿಂದ ಮಾವ ಸಾರು ಆರುತ್ತದೆಂದು ಕೂಗಿದ.

“ಹೋಗು, ಉಣ್ಣೋಗು,” ಎಂದಳು. “ನಾನಿನ್ನೊಂಚೂರು ನೋಡ್ತೀನಿ.”

ನೆನಪಿನಲ್ಲಿ ನಾನು ಅವಳ ಪಕ್ಕದಲ್ಲೇ ಕೂತಿದ್ದೇನೆ. ಆದರೆ ಆ ರಾತ್ರಿ ಬಿಸಿ ಮುದ್ದೆಗೆ ಬೆರಳು ಸುಟ್ಟುಕೊಂಡದ್ದೂ ನೆನಪಿದೆ. ಹಾಗಾದರೆ ಇಳಿದು ಹೋಗಿರಲೇಬೇಕು. ಉಂಡು ಮತ್ತೆ ಏಣಿ ಹತ್ತಿದಾಗ ಚಂದ್ರ ಮುಳುಗಿಯಾಗಿತ್ತು. ಅಜ್ಜಿ ಮಾತ್ರ, ನಾನು ತಿರುಗಿಸಿಟ್ಟ ದಿಕ್ಕಿನಿಂದ ಮುಖ ಕದಲಿಸದೆ, ಹಾಗೇ ಕೂತಿದ್ದಳು.