ಬೆರಳಲ್ಲಿದ್ದ ಪಾಸ್‌ವರ್ಡ್

ವಕೀಲ ಎಂಬ ಪದದಲ್ಲಿ ಕೀಲ ಇದೆ, ಕೀಲಿ ಇಲ್ಲ. ನಮ್ಮ ವಕೀಲರ ಕೀಲಿಯೆಲ್ಲ ಬೀಗದಕ್ಕನ ಹತ್ತಿರ. ಕಚೇರಿಯ ಇಮೇಲು, ಸ್ಕ್ಯಾನರು, ಪ್ರಿಂಟರು, ಆ ಪ್ರಿಂಟರಿನ ಸಿಟ್ಟು ಸೆಡವು ಎಲ್ಲ ನೋಡಿಕೊಳ್ಳುವವಳು ಅವಳೇ. ನೀರು ಕುಡಿಯಲು ಎದ್ದರೂ ಕಂಪ್ಯೂಟರಿಗೆ ಲಾಕ್ ಹಾಕಿಯೇ ಏಳುವಳು. ಹೆಸರು ಬಂದದ್ದು ಹಾಗೆ. ಪಾಸ್‌ವರ್ಡನ್ನು ವಕೀಲರಿಗೂ ಹೇಳುತ್ತಿರಲಿಲ್ಲ.

"ಇದು ನನ್ನ ಆಫೀಸು ಕಣಮ್ಮ!" ಎಂದು ಅವರು ರೇಗಿದರೆ, "ಅದಕ್ಕೇ ಸಾರ್. ನೀವು ಫೋನಲ್ಲಿ ಗುಟ್ಟು ಹೇಳಿದ್ರೂ ಬೀದಿ ತುದಿಗೆ ಕೇಳ್ಸುತ್ತೆ" ಎನ್ನುವಳು.

ಅವತ್ತು ವಕೀಲರು ಕೋರ್ಟಿನಲ್ಲಿದ್ದರು. ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಹೆಂಗಸೊಬ್ಬಳು ಅವರ ಮೂಲಕ ಕೇಸು ಹಾಕಿ, ಎಲ್ಲೋ ಅಡಗಿದ್ದಳು. ಆ ಗಂಡ, ಲಾರಿ ಮಾಲೀಕ, ರಾಜಿ ಮಾತಾಡುವ ನೆಪದಲ್ಲಿ ಬಂದು ಅಕ್ಕನ ಮೇಜಿನ ಪಕ್ಕ ನಿಂತ. ಆಗಲೇ ಪರದೆಯ ಮೂಲೆಯಲ್ಲಿ ಹೊಸ ಮೇಲ್ ಇಣುಕಬೇಕೆ! ಹೆಂಡತಿಯ ಹೆಸರು, ಕೆಳಗೆ 'ನಾನೀಗ ಇರೋ ವಿಳಾಸ'. ಅವನು ಬಗ್ಗುವಷ್ಟರಲ್ಲಿ ಅಕ್ಕ ಲಾಕ್ ಹಾಕಿಯಾಗಿತ್ತು.

"ತೆಗಿ."

"ಆಗಲ್ಲಪ್ಪ."

ತುರುಬು ಹಿಡಿದು ಹಣೆಯನ್ನು ಮೇಜಿಗೆ ಜಜ್ಜಿದ. ರಕ್ತ ಕಣ್ಣಿಗಿಳಿಯಿತು. ಅಕ್ಕ ಟೈಪ್ ಮಾಡಿದಳು, ತಪ್ಪು. ಮತ್ತೆ ಮಾಡಿದಳು, ಮತ್ತೆ ತಪ್ಪು.

"ಆಟ ಆಡ್ತೀಯಾ?" ಎಂದು ಹೊಟ್ಟೆಗೆ ಒದ್ದ. ಕಾಗದ ತೂತು ಮಾಡುವ ಕಬ್ಬಿಣದ ಪಂಚಿಂಗ್ ಮೆಷಿನ್ ಎತ್ತಿ ಅವಳ ಬಲಗೈಯನ್ನು ಕುಟ್ಟಿದ. ಕೀಲಿಮಣೆಯ ಕೀಲಿಗಳು ಸಿಡಿದವು, ಬೆರಳಿನ ಕೀಲುಗಳು ಲಟಲಟ ಎಂದವು. ಅಕ್ಕ ಕಿರುಚಿದಳು. "ಬಾಯಲ್ಲೇ ಬೊಗಳು!" ಎಂದು ಎಡಗೈಯನ್ನೂ ಎಳೆದುಕೊಂಡ.

"ಪಾಸ್‌ವರ್ಡ್ ತಲೇಲಿಲ್ಲ ಕಣೋ, ಬೆರಳಲ್ಲಿತ್ತು" ಎಂದಳು ಅಕ್ಕ, ರಕ್ತ ಉಗುಳುತ್ತ. "ದಿನಾ ಹೊಡೆದೂ ಹೊಡೆದೂ ಅವಕ್ಕೇ ರೂಢಿ. ಮುರಿದವನು ನೀನು, ನೀನೇ ಹುಡುಕ್ಕೋ."

ಅವನು ನಂಬಿಬಿಟ್ಟ. ತಾನು ಮಾಡಿದ ಕೆಲಸವನ್ನೇ ಬಾಯಿ ಬಿಟ್ಟು ನೋಡುತ್ತ ನಿಂತ. ಅಷ್ಟರಲ್ಲಿ ಕಿರುಚಾಟ ಕೇಳಿ ನುಗ್ಗಿದ ಪಕ್ಕದ ಜೆರಾಕ್ಸ್ ಅಂಗಡಿಯವನು ಸ್ಟೂಲಿನಿಂದ ಅವನ ಬೆನ್ನಿಗೆ ಒಂದು ಬಿಗಿದ. ಮೂಲಪ್ರತಿ ಸಾಲದೆಂದು ಇನ್ನೂ ಎರಡು ಪ್ರತಿ ತೆಗೆದ. ಪೊಲೀಸರು ಬರುವವರೆಗೂ ಅವನ ಮೇಲೆಯೇ ಕೂತಿದ್ದ.

ಸಂಜೆ ಆಸ್ಪತ್ರೆಯಲ್ಲಿ ವಕೀಲರು ಮೊದಲ ಸಲ ದನಿ ತಗ್ಗಿಸಿ ಮಾತಾಡಿದರು. "ಅವನು ಸಿಕ್ಕಿಬಿದ್ದ ಅಂತ ಆಕೆಗೆ ತಿಳಿಸ್ಬೇಕಮ್ಮ. ಮೇಲ್ ತೆರೆಯೋಕಾಗ್ತಿಲ್ಲ. ನಿಜವಾಗ್ಲೂ ಬೆರಳಲ್ಲೇ ಇತ್ತಾ?"

ಅಕ್ಕ ಅವರನ್ನು ಹತ್ತಿರ ಕರೆದು ಕಿವಿಯಲ್ಲಿ ಒಂದಕ್ಷರ ಬಿಡದೆ ಪಾಸ್‌ವರ್ಡ್ ಹೇಳಿದಳು. ವಕೀಲರ ಕಣ್ಣು ತುಂಬಿತು.

"ಕೈ ಸರಿಹೋದ ದಿನವೇ ಬದಲಾಯಿಸ್ಬೇಕು ಸಾರ್" ಎಂದಳು.

"ಯಾಕಮ್ಮ? ಅವನಿಗೇನೂ ಗೊತ್ತಾಗಲಿಲ್ವಲ್ಲ."

"ನಿಮಗೆ ಗೊತ್ತಾಯ್ತಲ್ಲ."