ಬಗ್ಗಡ ತಿಳಿಯಾಗಲು ಅರ್ಧ ಗಂಟೆ

ಅರಬ್ ನಾಡಿನ ಖಮೀಸ್ ಮುಶೈತ್‌ನಲ್ಲಿ ಏನು ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ‘ನೀರಿನ ಪ್ಲಾಂಟ್’ ಎನ್ನುತ್ತಿದ್ದೆ. ಯಾವ ನೀರು ಎಂದು ಹೇಳುತ್ತಿರಲಿಲ್ಲ. ಒಂದು ವಸತಿ ಕಾಲೊನಿಯ ಕಕ್ಕಸು, ಬಚ್ಚಲುಗಳ ನೀರೆಲ್ಲ ನನ್ನ ತೊಟ್ಟಿಗೆ ಬರುತ್ತಿತ್ತು. ಅಲ್ಲಿನ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಮುಗಿಸಿದ ಮೇಲೆ ಉಳಿದ ತಿಳಿನೀರು ಬೇಲಿಯುದ್ದಕ್ಕೂ ನೆಟ್ಟ ಕಣಗಿಲೆ ಗಿಡಗಳಿಗೆ ಹೋಗುತ್ತಿತ್ತು. ನೀರಿಗೆ ಬರವಿರುವ ನಾಡಿನಲ್ಲಿ ಬಚ್ಚಲ ನೀರೂ ದಂಡವಾಗಬಾರದಲ್ಲ. ಆ ಬ್ಯಾಕ್ಟೀರಿಯಾಗಳಿಗೆ ಗಾಳಿ ಊದಿ, ಅವುಗಳ ಹೊಟ್ಟೆ ನೋಡಿಕೊಳ್ಳುವುದು ನನ್ನ ಕೆಲಸ. ಜೀವಶಾಸ್ತ್ರ ಓದಿದವನ ಹಣೆಬರಹ ನೋಡಿ!

ಪ್ಲಾಂಟಿನಲ್ಲಿ ನಾನೊಬ್ಬನೇ. ವಾಸನೆಗೆ ಹೆದರಿ ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಎಷ್ಟೋ ದಿನ ನನ್ನ ಬಾಯಿಂದ ಹೊರಟ ಮಾತೆಂದರೆ ಅಂಗಡಿಯವನಿಗೆ ಥ್ಯಾಂಕ್ಸ್ ಎನ್ನಲು ಹೇಳಿದ ‘ಶುಕ್ರನ್’ ಒಂದೇ. ಕನ್ನಡವನ್ನು ತೊಟ್ಟಿಯ ಜೊತೆ ಆಡುತ್ತಿದ್ದೆ. “ತಿನ್ರೋ, ನಾಚ್ಕೋಬೇಡಿ” ಅನ್ನುತ್ತಿದ್ದೆ. ಯಾರಾದರೂ ಕೇಳಿಸಿಕೊಂಡಿದ್ದರೆ ಹುಚ್ಚನೆಂದು ಊರಿಗೆ ಅಟ್ಟುತ್ತಿದ್ದರು. ಅಷ್ಟು ಒಂಟಿಯಾಗಿದ್ದೆ.

ಒಂದು ಸಲ ಕಾಲೊನಿ ತೊಳೆಯಲು ಬಂದವರು ಕ್ಯಾನುಗಟ್ಟಲೆ ಬ್ಲೀಚ್ ಅನ್ನು ಚರಂಡಿಗೆ ಸುರಿದುಬಿಟ್ಟರು. ಎರಡೇ ದಿನಕ್ಕೆ ನನ್ನ ತೊಟ್ಟಿ ಸತ್ತಿತು. ಕಂದು ಬಣ್ಣ ಹೋಗಿ ಬೂದಿ ಬಣ್ಣ, ಕೊಳೆತ ಮೊಟ್ಟೆಯ ನಾತ. ಬೇರೆ ಪ್ಲಾಂಟಿನ, ಬ್ಯಾಕ್ಟೀರಿಯಾ ತುಂಬಿದ ಜೀವಂತ ಬಗ್ಗಡ ತಂದು ಸುರಿಯದೆ ದಾರಿಯಿರಲಿಲ್ಲ. ಹೆಪ್ಪು ಮುಗಿದರೆ ಲೋಟ ಹಿಡಿದು ಪಕ್ಕದ ಮನೆಗೆ ಹೋಗುವುದಿಲ್ಲವೇ, ಹಾಗೆಯೇ. ಅಭಾ ಎಂಬ ಊರಿನ ಒಂದು ಪ್ಲಾಂಟಿಗೆ ಫೋನ್ ಮಾಡಿದೆ. ನನ್ನ ಹರಕುಮುರುಕು ಹಿಂದಿ ಕೇಳಿದ ಆ ಕಡೆಯವರು, “ಯಾವ ಊರು ನಿಮ್ದು? ಮಂಡ್ಯವಾ? ಹಾಗಾದ್ರೆ ಕನ್ನಡದಲ್ಲೇ ಹೇಳಿ ಮಾರಾಯ್ರೇ!” ಎಂದರು. ಉಡುಪಿ ಕಡೆಯವರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ರಜೆಯ ದಿನ ಶುಕ್ರವಾರ. ಕಾರಿನ ಡಿಕ್ಕಿಯಲ್ಲಿ ಬಗ್ಗಡದ ಕ್ಯಾನುಗಳನ್ನು ಹೇರಿಕೊಂಡು ಬಂದರು. ಇಬ್ಬರೂ ಸೇರಿ ಸುರಿದೆವು. “ಸರಿ ಆಗುವವರೆಗೆ ಪ್ರತಿ ಶುಕ್ರವಾರ ಬಂದು ನೋಡುವ” ಎಂದರು. ನೋಡುವುದೆಂದರೆ, ತೊಟ್ಟಿಯ ನೀರನ್ನು ಗಾಜಿನ ಜಾಡಿಗೆ ತುಂಬಿ ಅಲುಗಾಡಿಸದೆ ಅರ್ಧ ಗಂಟೆ ಇಡುವುದು. ಬ್ಯಾಕ್ಟೀರಿಯಾ ಆರೋಗ್ಯವಾಗಿದ್ದರೆ ಬಗ್ಗಡ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಆ ಅರ್ಧ ಗಂಟೆ ನಾವು ಸುಲೈಮಾನಿ ಚಹಾ ಕುಡಿಯುತ್ತ ಹರಟೆ ಹೊಡೆಯುತ್ತಿದ್ದೆವು. “ಮುದ್ದೆಯನ್ನು ಅಗಿಯುದೇ ಇಲ್ವಾ? ಎಂತ ಮಾರಾಯ, ಮಾತ್ರೆಯಾ ಅದು ನುಂಗ್ಲಿಕ್ಕೆ?” ಎಂದು ಗೇಲಿ ಮಾಡುತ್ತಿದ್ದರು. ಎರಡನೇ ವಾರಕ್ಕೆ ಅವರು ನನಗೆ ‘ಅಣ್ಣ’ ಆಗಿದ್ದರು.

ನಾಲ್ಕನೇ ಶುಕ್ರವಾರ ಬಗ್ಗಡ ಸೊಗಸಾಗಿ ಕೂತಿತು. ತೊಟ್ಟಿ ಸರಿಹೋದರೆ ಇವರು ಇನ್ನೇಕೆ ಬರುತ್ತಾರೆ? ಅವರು ಕೈ ತೊಳೆಯಲು ಹೋದದ್ದೇ ತಡ, ಕಡ್ಡಿ ಇಳಿಸಿ ಜಾಡಿಯನ್ನು ಕಲಕಿಬಿಟ್ಟೆ. ಅವರು ಬಂದು ನೋಡಿ, “ಇನ್ನೂ ಆಗ್ಲಿಲ್ಲ. ಬರುವ ವಾರ ನೋಡುವ” ಎಂದು ಹೊರಟರು.

ಚಳಿಗಾಲವನ್ನೆಲ್ಲ ಹೀಗೇ ಕಳೆದೆ. ಬೇಲಿಯ ಕಣಗಿಲೆ ಹೊಸ ಚಿಗುರು ಬಿಟ್ಟು ನನ್ನ ಸುಳ್ಳನ್ನು ಊರಿಗೆಲ್ಲ ಸಾರುತ್ತಿತ್ತು. ನನಗಾಗಿ ಅಷ್ಟು ದೂರ ಬರುವ ಮನುಷ್ಯನಿಗೆ ಮೋಸ ಮಾಡುತ್ತಿದ್ದೇನೆಂದು ಸಂಕಟವಾಗುತ್ತಿತ್ತು. ಆದರೂ ಶುಕ್ರವಾರ ಬಂದರೆ ಕೈ ತಾನಾಗಿ ಕಡ್ಡಿಗೆ ಹೋಗುತ್ತಿತ್ತು.

ಒಂದು ಶುಕ್ರವಾರ ಅವರು ಬಂದವರೇ, “ಫೈನಲ್ ಎಕ್ಸಿಟ್ ಆಯ್ತು ಮಾರಾಯ. ಬುಧವಾರ ಜಿದ್ದಾದಿಂದ ಫ್ಲೈಟ್” ಎಂದರು. ಕೆಲಸ ಮುಗಿಸಿ ಊರಿಗೆ ಹೊರಟರು, ಇನ್ನು ಈ ದೇಶಕ್ಕೆ ಬರುವುದಿಲ್ಲ ಎಂದರ್ಥ. ಜಾಡಿ ತುಂಬಿಟ್ಟು ಕೂತೆವು. ನೋಡನೋಡುತ್ತಲೇ ನೀರು ತಿಳಿಯಾಯಿತು. ಆ ದಿನ ನಾನು ಕಡ್ಡಿ ಮುಟ್ಟಲಿಲ್ಲ.

“ಅಣ್ಣಾ, ತೊಟ್ಟಿ ಯಾವತ್ತೋ ಸರಿಹೋಗಿತ್ತು. ನಾನೇ ಪ್ರತಿ ವಾರ...” ಎಂದು ಶುರುಮಾಡಿದೆ.

“ಗೊತ್ತುಂಟು” ಎಂದರು. “ನಾತ ಹೋಗಿ ಎಷ್ಟು ಸಮಯ ಆಯ್ತು, ನಂಗೆ ಮೂಗಿಲ್ವಾ?”

ಆಮೇಲೆ ಕಡ್ಡಿ ತೆಗೆದುಕೊಂಡು ಜಾಡಿಯನ್ನು ತಳದಿಂದ ಚೆನ್ನಾಗಿ ಕಲಕಿದರು. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

“ಕೂತ್ಕೋ. ಇನ್ನೊಂದು ಅರ್ಧ ಗಂಟೆ ಉಂಟು.”